ಕೊಳಕು ಕೈಯ ಮಾದರಿ

ಆ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮಕ್ಕಳು ಮೂರು ಜಾತಿ: ಮಾಡುವವರು, ನೋಡುವವರು, ಕೇಳುವವರು. ಮಾಡುವವರು ಮೇಜಿನ ಸುತ್ತ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಪ್ರನಾಳ, ದೀಪ, ಸೂಕ್ಷ್ಮದರ್ಶಕ ಎಲ್ಲ ಅವರ ಕೈಯಲ್ಲಿ. ನೋಡುವವರು ಅವರ ಬೆನ್ನ ಹಿಂದೆ ನಿಂತು ಭುಜಗಳ ಸಂದಿಯಲ್ಲಿ ಕತ್ತು ತೂರಿಸುತ್ತಿದ್ದರು. ಕೇಳುವವರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಅವರಿಗೆ ಬೆನ್ನುಗಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗಾಜು ಒಡೆದರೆ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಗಂಟೆ ಹೊಡೆದ ಮೇಲೆ ಈ ಕೇಳುವವರೇ ತೊಳೆಯುವವರಾಗುತ್ತಿದ್ದರು. ಮಾಡುವವರು ಕೈ ಒರೆಸಿಕೊಂಡು ಹೊರಟರೆ ಗೋಡೆಯವರು ಸಿಂಕಿನ ಮುಂದೆ ಸಾಲುಗಟ್ಟಿ, ಮಸಿ ಹಿಡಿದ ಪ್ರನಾಳಗಳಿಗೆ ಬ್ರಶ್ ತೂರಿಸಿ ಉಜ್ಜುತ್ತಿದ್ದರು. ಒಮ್ಮೆ ತಳದಲ್ಲಿ ಆಸಿಡ್ ಉಳಿದಿತ್ತು. ಒಬ್ಬ ಹುಡುಗನ ಬೆರಳಿನ ಚರ್ಮ ಎದ್ದು ಬಂತು. ಮೇಷ್ಟ್ರು ಓಡಿ ಬಂದು ಕೇಳಿದ್ದು ಇಷ್ಟೇ, "ಪ್ರನಾಳ ಒಡೀಲಿಲ್ಲ ತಾನೇ?"

ಯಾರು ಯಾವ ಜಾತಿ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತು ದುಡಿಯುವವನಾದರೆ ಮಗುವಿಗೆ ಸ್ಟೂಲು. ಅಪ್ಪ ನಿಂತು ದುಡಿಯುವವನಾದರೆ ಮಗುವೂ ನಿಲ್ಲಬೇಕು. ಅಪ್ಪ ಬಗ್ಗಿ ದುಡಿಯುವವನಾದರೆ ಗೋಡೆ.

ಸೂಜಿ ಗೋಡೆಯವಳು. ಆ ಹೆಸರು ಅವಳ ಅಜ್ಜಿ ಇಟ್ಟದ್ದು, ಮೈ ಸಣ್ಣ, ಮಾತು ಚೂಪು ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಅದನ್ನು ಯಾರೂ ಬಳಸಿ ಸವೆಸಿರಲಿಲ್ಲ. ಅವಳ ಅಪ್ಪ ಮೋರಿ ಇಳಿಯುವವನು. ಅಮ್ಮ ಆಸ್ಪತ್ರೆಯ ನೆಲ, ಕಕ್ಕಸು ತೊಳೆಯುವವಳು. ಅಪ್ಪನ ತಂಗಿ, ಅಂದರೆ ಸೂಜಿಯ ಅತ್ತೆ, ಅದೇ ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುವವಳು. ಅಜ್ಜಿ ಸೊಂಟ ಹಿಡಿಯುವವರೆಗೂ ಬೀದಿ ಗುಡಿಸಿದವಳು. ಊರಿನ ಗಲೀಜೆಲ್ಲ ಈ ಒಂದು ಮನೆಯವರ ಕೈ ದಾಟಿಯೇ ಹೋಗಬೇಕು. ಆದರೂ ಊರು ಚೊಕ್ಕಟ, ಇವರು ಗಲೀಜು. ಈ ಲೆಕ್ಕವನ್ನು ಬಿಡಿಸಿ ತೋರಿಸುವ ಗಣಿತದ ಮೇಷ್ಟ್ರು ಇನ್ನೂ ಹುಟ್ಟಿಲ್ಲ.

ಸೂಜಿಗೆ ಇದ್ದದ್ದು ಒಂದೇ ಆಸೆ. ಆ ಮೇಜಿನ ಮುಂದೆ ಸ್ಟೂಲಿನಲ್ಲಿ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಬೇಕು. ಅದರ ಮೈಯನ್ನು ಎಷ್ಟೋ ಸಲ ಒರೆಸಿದ್ದಳು. ಹಿತ್ತಾಳೆಯ ತಿರುಪುಗಳನ್ನು ಹೊಳೆಯುವಂತೆ ಮಾಡಿದ್ದಳು. ಕಣ್ಣು ಹತ್ತಿರ ಒಯ್ದರೆ ಸಾಕು, ಹಿಂದಿನಿಂದ ಮೇಷ್ಟ್ರ ಕೆಮ್ಮು ಬರುತ್ತಿತ್ತು. ಅದು ನೆಗಡಿಯ ಕೆಮ್ಮಲ್ಲ.

ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಅರ್ಥಾತ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅವರ ಯಾವ ಮಾತೂ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. "ಬಾಗಿಲು ಹಾಕು, ಅರ್ಥಾತ್ ಮುಚ್ಚು" ಎನ್ನುವ ಮನುಷ್ಯ. ಕೆಟ್ಟವರೇನಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಗೋಡೆಯ ಮಕ್ಕಳ ಹತ್ತಿರ ಬರುತ್ತಿರಲಿಲ್ಲ, ಅಷ್ಟೇ. ಅವರಿಗೆ ಏನಾದರೂ ಹೇಳಬೇಕಾದರೆ ಮರದ ಸ್ಕೇಲಿನ ತುದಿಯಿಂದ ತೋರಿಸಿ ಹೇಳುತ್ತಿದ್ದರು.

ಹೀಗಿರುವಾಗ ಮೇಲಿನಿಂದ ಒಂದು ಆಜ್ಞೆ ಬಂತು. ಇನ್ನು ಮುಂದೆ ಹೈಸ್ಕೂಲಿನ ಪ್ರತಿ ಮಗುವೂ ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯಬೇಕು. ಶಾಲೆ ಕೂಡಲೇ ಕಾರ್ಯಪ್ರವೃತ್ತವಾಯಿತು. ಪೇಂಟರನ್ನು ಕರೆಸಿ ಮುಂದಿನ ಗೋಡೆಯ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆಸಿತು. ಶಾಲೆಯ ಮೋರಿ ಕಟ್ಟಿಕೊಂಡಾಗ ಬಂದಿದ್ದ ಸೂಜಿಯ ಅಪ್ಪ ಅದನ್ನು ಅಕ್ಷರ ಕೂಡಿಸಿ ಓದಿ ಮಗಳಿಗೆ ಹೇಳಿದ್ದ, "ನನ್ನ ಕೈ ಹುಟ್ಟಿದಾಗಿಂದ ಕೆಸರಲ್ಲೇ ಇದೆ. ಮೊಸರು ಯಾರ ಮನೆಗೆ ಹೋಗ್ತಿದೆ ಅಂತ ನಿಮ್ಮ ಮೇಷ್ಟ್ರನ್ನ ಸ್ವಲ್ಪ ಕೇಳಮ್ಮ."

ಗೋಡೆ ಬರಹದ ನಂತರ ವಸ್ತುಪ್ರದರ್ಶನ ಎಂದು ನಿರ್ಧಾರವಾಯಿತು. ವಿಷಯ, ಸ್ವಚ್ಛತೆ. ಅರ್ಥಾತ್ ಮೇಷ್ಟ್ರು ಪುಸ್ತಕದಲ್ಲಿ ಒಂದು ಪ್ರಯೋಗ ಹುಡುಕಿದ್ದರು. ಸಮುದ್ರದ ಪಾಚಿಯ ಪುಡಿಯನ್ನು ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ ಜೊತೆ ಹಾಕಿ ಕುದಿಸಿದರೆ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಅದನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ ಹುಯ್ದು, ಮೇಲೆ ಅಂಗೈ ಒತ್ತಿ, ಗಾಜಿನ ಮುಚ್ಚಳ ಮುಚ್ಚಿ ಬೆಚ್ಚಗೆ ಇಡಬೇಕು. ಕೈಯಲ್ಲಿ ಕಣ್ಣಿಗೆ ಕಾಣದ ಎಷ್ಟು ಜೀವಿಗಳಿದ್ದವೋ ಅಷ್ಟೂ ಅಲ್ಲೇ ತಿಂದು ಉಂಡು ಬೆಳೆದು ಕೆಲವು ದಿನಗಳಲ್ಲಿ ಕಣ್ಣಿಗೆ ಕಾಣುತ್ತವೆ. ಎರಡು ತಟ್ಟೆ ಇಡುವುದು. ಒಂದು ಶುದ್ಧ ಕೈ, ಇನ್ನೊಂದು ಕೊಳಕು ಕೈ.

ಶುದ್ಧ ಕೈ ಯಾರದು ಎಂಬ ಪ್ರಶ್ನೆಯೇ ಏಳಲಿಲ್ಲ. ಹೆಡ್ ಮೇಷ್ಟ್ರದು. ಇನ್ನು ಕೊಳಕು ಕೈ. ಅರ್ಥಾತ್ ಮೇಷ್ಟ್ರ ಕಣ್ಣು ಸ್ಟೂಲುಗಳನ್ನು ದಾಟಿತು, ನಿಂತವರನ್ನು ದಾಟಿತು, ಗೋಡೆಯ ಮೇಲೆ ಸಾವಕಾಶವಾಗಿ ಹರಿದಾಡಿತು. ಸ್ಕೇಲು ಮೇಲೆದ್ದಿತು.

"ನೀನು. ನಿಮ್ಮಪ್ಪ ಮೋರಿಗೆ ಇಳಿಯೋದಲ್ವಾ? ನೀನೇ ಸರಿ. ನಾಳೆ ನಿನ್ನ ಬಲಗೈ ಬೇಕು, ಅರ್ಥಾತ್ ನೀನು ಬರ್ಬೇಕು. ಕೈ ತೊಳೀಬೇಡ. ಹೇಗಿದೆಯೋ ಹಾಗೇ ಬಾ."

ಮೇಜಿನ ಕಡೆಯಿಂದ ನಗು ಎದ್ದಿತು. ಸೂಜಿಯ ಕಿವಿ ಬಿಸಿಯಾಯಿತು. ಮೇಷ್ಟ್ರು ನಗುವವರನ್ನು ಸುಮ್ಮನಿರಿಸಿ, ಸಮಾಧಾನದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ಪ್ರದರ್ಶನದ ದಿನ ತಟ್ಟೆ ಪಕ್ಕ ನಿಂತು ಪಾಠ ಒಪ್ಪಿಸ್ಬೇಕು. ಸರಿಯಾಗಿ ಒಪ್ಪಿಸಿದ್ರೆ ಮುಂದಿನ ತರಗತಿಯಿಂದ ನಿನಗೆ ಮೇಜಲ್ಲಿ ಒಂದು ಸ್ಟೂಲು. ಸೂಕ್ಷ್ಮದರ್ಶಕನೂ ನೋಡ್ಬಹುದು."

ಆಸೆ ಎಂಬುದು ಎಂಥ ಕಳ್ಳ ನೋಡಿ. ಬಿಸಿಯಾದ ಕಿವಿಯೊಳಗೇ ನುಗ್ಗಿ 'ಸ್ಟೂಲು' ಎಂಬ ಒಂದೇ ಮಾತನ್ನು ಹೊತ್ತುಕೊಂಡು ಓಡಿತು. ಉಳಿದ ಮಾತೆಲ್ಲ ಹಿಂದೆ ಬಿತ್ತು. ಸೂಜಿ ಮನೆಗೆ ಓಡುತ್ತಾ ಬಂದು ಬಾಗಿಲಲ್ಲೇ ಹೇಳಿದಳು, "ಅಮ್ಮಾ, ವಿಜ್ಞಾನಕ್ಕೆ ನನ್ನ ಕೈನ ಆರಿಸಿದಾರೆ."

ಮನೆ ಎದ್ದು ನಿಂತಿತು. ಅವರ ಮನೆಯಲ್ಲಿ ಇದುವರೆಗೆ ಯಾರನ್ನೂ ಯಾವುದಕ್ಕೂ ಆರಿಸಿರಲಿಲ್ಲ. "ಅಷ್ಟು ಮಕ್ಕಳಲ್ಲಿ ನಿನ್ನದೇ ಕೈನಾ?" ಎಂದು ಅತ್ತೆ ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಮ್ಮ ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ ಕೇಳಿದಳು, "ಇನ್ನೇನು ಅಂದ್ರು?"

"ತೊಳೀಬೇಡ, ಹೇಗಿದೆಯೋ ಹಾಗೇ ಬಾ ಅಂದ್ರು."

ಅಜ್ಜಿಯ ಮುಖ ಗಂಟಿಕ್ಕಿತು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು, ಅದಕ್ಕೊಂದು ಕಾರಣವೂ ಇತ್ತು. ಅಜ್ಜಿ ಬೀದಿ ಗುಡಿಸುತ್ತಿದ್ದ ಕಾಲದಲ್ಲಿ ಒಂದು ದೊಡ್ಡ ಮನೆಯ ಯಜಮಾನಿ "ಪರವಾಗಿಲ್ಲ, ಹಾಗೇ ಒಳಗೆ ಬಾ" ಎಂದು ಕರೆದಿದ್ದಳು. ಇವಳು ನಂಬಿ ಹಾಗೇ ಹೋದಳು. ಹೊಳೆಯುವ ನೆಲದ ಮೇಲೆ ಒಂದು ಹೆಜ್ಜೆ ಗುರುತು ಬಿತ್ತು. ಆ ಹೆಜ್ಜೆಯ ಸುದ್ದಿ ಮೇಸ್ತ್ರಿಯವರೆಗೆ ಹೋಯಿತು, ಆ ಬೀದಿಯ ಕೆಲಸವೇ ಅಜ್ಜಿಯ ಕೈ ತಪ್ಪಿತು. ಅಂದಿನಿಂದ ಆ ಮನೆಯವರು ಯಾರಾದರೂ "ತೊಳೆದುಕೊಂಡು ಬಾ" ಎಂದರೆ ಒಂದು ಸಲ ತೊಳೆಯುತ್ತಾರೆ. "ಹಾಗೇ ಬಾ" ಎಂದರೆ ಚರ್ಮ ಸುಲಿಯುವವರೆಗೆ ತೊಳೆಯುತ್ತಾರೆ.

"ಪರೀಕ್ಷೆ ಮಾಡ್ತಿದಾರೆ ಕಣೇ. ಹಾಗೇ ಬಾ ಅಂತಾರೆ, ಹೋದ ಮೇಲೆ ಮೂಗು ಮುಚ್ಕೋತಾರೆ. ನನ್ನ ಮೊಮ್ಮಗಳ ಕೈ ನೋಡಿ ಒಬ್ಬನೂ ಮೂಗು ಮುಟ್ಟಬಾರದು" ಎಂದಳು ಅಜ್ಜಿ.

ಬೆಳಿಗ್ಗೆ ಸೂಜಿಯ ಬಲಗೈಗೆ ನಡೆದ ಉಪಚಾರ ಯಾವ ರಾಜಕುಮಾರಿಗೂ ನಡೆದಿರಲಾರದು. ಅಪ್ಪ ಬೆಳಕಿಗೆ ಹಿಡಿದು ಬ್ಲೇಡಿನಿಂದ ಉಗುರು ಕತ್ತರಿಸಿದ. ಅತ್ತೆ ಬಟ್ಟೆ ಸೋಪು ಹಚ್ಚಿ ಬ್ರಶ್ಶಿನಿಂದ ಉಜ್ಜಿದಳು. ಅತ್ತೆಯ ಉಜ್ಜು ಎಂದರೆ ಹಳೆಯ ರಕ್ತದ ಕಲೆಯೂ ಕೈಮುಗಿದು ಹೊರಡುವಂಥದ್ದು. ಆಮೇಲೆ ಅಮ್ಮ ಆಪರೇಶನ್ ಕೋಣೆಯ ಹೊರಗೆ ಡಾಕ್ಟರುಗಳು ತೊಳೆಯುವುದನ್ನು ನೋಡಿದ್ದಳಲ್ಲ, ಹಾಗೆಯೇ ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು, ಮೊಣಕೈ ಎಂದು ಎಣಿಸುತ್ತಾ ಆಸ್ಪತ್ರೆಯ ದ್ರವದಲ್ಲಿ ತೊಳೆದಳು. "ಉರೀತದೆ ಅಮ್ಮ" ಎಂದಳು ಸೂಜಿ. "ವಿಜ್ಞಾನ ಅಂದ್ಮೇಲೆ ಸ್ವಲ್ಪ ಉರಿಯುತ್ತೆ" ಎಂದಳು ಅಮ್ಮ. ಕೊನೆಗೆ ಅತ್ತೆ ಕುದಿಸಿ ಒಣಗಿಸಿದ್ದ ಬಿಳಿ ಬಟ್ಟೆಯಲ್ಲಿ ಆ ಕೈಯನ್ನು ಸುತ್ತಿ ಗಂಟು ಹಾಕಿದಳು. ಅಜ್ಜಿ ಎಡಗೈ ನೋಡಿ, "ಇದನ್ನ ಯಾರೂ ಕೇಳಿಲ್ಲ ಬಿಡು" ಎಂದಳು.

ಸೂಜಿ ಕೈಯನ್ನು ದೀಪದಂತೆ ಎತ್ತಿ ಹಿಡಿದು ಬೀದಿಯುದ್ದಕ್ಕೂ ನಡೆದಳು. ಸಿಕ್ಕವರೆಲ್ಲ "ಮುರೀತಾ ಮಗು?" ಎಂದರು. "ಇಲ್ಲ, ಆಯ್ಕೆಯಾಗಿದೆ" ಎಂದಳು. ಪುಸ್ತಕದ ಚೀಲ ಗೆಳತಿ ಹೊತ್ತಳು.

ಪ್ರಯೋಗಾಲಯದಲ್ಲಿ ಹೆಡ್ ಮೇಷ್ಟ್ರು ಮೊದಲೇ ಬಂದಿದ್ದರು. ಫೈಲುಗಳಿಗೆ ಸಹಿ ಹಾಕಿ, ದಾರಿಯಲ್ಲಿ ಕಿವಿ ಕೆರೆದುಕೊಂಡು, ಗೇಟಿನ ನಾಯಿಯ ತಲೆ ಸವರಿ ಬಂದ ಕೈ ಅದು. ನಲ್ಲಿಯ ಕೆಳಗೆ ಆ ಕೈಯನ್ನು ಹೀಗೆ ತೋರಿಸಿ ಹಾಗೆ ತೆಗೆದರು. ಜೇಬಿನಿಂದ ಕರ್ಚೀಫು ಎಳೆದು ಒರೆಸಿಕೊಂಡರು. ಆ ಕರ್ಚೀಫು ಎಷ್ಟು ನೆಗಡಿ ಕಂಡಿತ್ತೋ ಅದಕ್ಕೇ ಗೊತ್ತು. ಬೆರಳಿನಲ್ಲಿ ದಪ್ಪ ಕಲ್ಲಿನ ಉಂಗುರವಿತ್ತು. ಮದುವೆಯಲ್ಲಿ ಹಾಕಿದ್ದು, ಮೈ ಬೆಳೆದ ಮೇಲೆ ಹೊರಬಂದಿರಲಿಲ್ಲ. ಫೋಟೋದವನಿಗಾಗಿ ಮುಖದ ಮೇಲೆ ಮುಗುಳ್ನಗೆ ತಂದುಕೊಂಡು ಕೈಯನ್ನು ತಟ್ಟೆಗೆ ಒತ್ತಿದರು. ಮಾಡುವವರು ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ಸೂಜಿಯ ಸರದಿ. ಬಟ್ಟೆಯ ಗಂಟು ಕಂಡು ಅರ್ಥಾತ್ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರಿಗೆ ಏನೋ ಹೊಳೆದು ಮುಖ ಅರಳಿತು. "ನೋಡಿ ಮಕ್ಕಳೇ, ಎಷ್ಟು ಜವಾಬ್ದಾರಿ. ಕೊಳಕು ದಾರೀಲಿ ಉದುರಿ ಹೋಗಬಾರದು ಅಂತ ಕಟ್ಕೊಂಡು ಬಂದಿದಾಳೆ."

ಸೂಜಿ ಬಾಯಿ ತೆರೆದಳು, ಸ್ಟೂಲು ನೆನಪಾಗಿ ಮುಚ್ಚಿದಳು. ಬಟ್ಟೆ ಬಿಚ್ಚಿದಳು. ಕೈ ಕೆಂಪಗೆ, ಬೇಯಿಸಿದಂತೆ ಇತ್ತು. ಮೇಷ್ಟ್ರು ಅದನ್ನು ನೋಡಲಿಲ್ಲ. ನೋಡಲು ಹತ್ತಿರ ಬರಬೇಕಿತ್ತು. ದೂರದಿಂದಲೇ ಸ್ಕೇಲು ಆಡಿಸಿ, "ಒತ್ತು, ಅರ್ಥಾತ್ ಊರು. ಸಾಕು. ನೀನೇ ಮುಚ್ಚಳ ಮುಚ್ಚು" ಎಂದರು. ಅಷ್ಟು ವರ್ಷ ಕಣ್ಣೆದುರು ಇದ್ದ ಒಂದು ಕೈಯನ್ನು ಆ ಮನುಷ್ಯ ಒಂದು ಸಲವೂ ನೋಡಿರಲಿಲ್ಲ. ನೋಡದೆಯೇ ಕೊಳಕು ಎಂದು ಚೀಟಿ ಬರೆದು ಅಂಟಿಸಿದರು.

ಪ್ರದರ್ಶನದ ಹಿಂದಿನ ದಿನ ಗೋಡೆಯ ಮಕ್ಕಳನ್ನು ನೆಲ ಒರೆಸಲು ಕರೆದಿದ್ದರು. ಸೂಜಿ ಮೇಜಿನ ಕೆಳಗೆ ಮಂಡಿಯೂರಿ ಬಟ್ಟೆ ಎಳೆಯುತ್ತಿದ್ದಳು. ಅರ್ಥಾತ್ ಮೇಷ್ಟ್ರು ಬೀರು ತೆರೆದು ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟರು. ಬಹಳ ಹೊತ್ತು ಮಾತೇ ಇಲ್ಲ. ಅರ್ಥಾತ್ ಕೂಡ ಇಲ್ಲ. ಸೂಜಿ ಮೆಲ್ಲಗೆ ತಲೆ ಎತ್ತಿದಳು.

ಶುದ್ಧ ಕೈಯ ತಟ್ಟೆಯಲ್ಲಿ ಒಂದು ಕಾಡು ಬೆಳೆದಿತ್ತು. ಐದು ಬೆರಳು, ದಪ್ಪ ಅಂಗೈ, ಎಲ್ಲ ಸ್ಪಷ್ಟವಾಗಿ, ಹಳದಿ, ಬಿಳಿ, ಬೂದು ಬಣ್ಣದಲ್ಲಿ. ಹೆಬ್ಬೆರಳಿಗೆ ಹಸಿರು ಕೂದಲು ಬಂದಿತ್ತು. ಉಂಗುರದ ಜಾಗದಲ್ಲಿ ಸುತ್ತಲೂ ಕೆನೆಯಂಥ ಏರಿ ಎದ್ದಿತ್ತು. ಕೊಳಕು ಕೈಯ ತಟ್ಟೆಯಲ್ಲಿ ಸಾಸಿವೆಯಷ್ಟು ದೊಡ್ಡ ಒಂದೆರಡು ಚುಕ್ಕೆ ಬಿಟ್ಟರೆ ಲೋಳೆ ಕನ್ನಡಿಯಂತೆ ಸ್ವಚ್ಛವಾಗಿತ್ತು.

ಸೂಜಿಗೆ ನಗು ಬಂತು, ಹಿಂದೆಯೇ ಅಳು ಬಂತು. ಅತ್ತೆಯ ಬ್ರಶ್ಶು, ಅಮ್ಮನ ದ್ರವ, ಅಪ್ಪನ ಬ್ಲೇಡು ಎಲ್ಲ ಆ ಖಾಲಿ ತಟ್ಟೆಯಲ್ಲಿ ಕಾಣಿಸಿದವು.

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಆಮೇಲೆ ಉಗುರಿನಿಂದ ಒಂದು ಚೀಟಿ ಎಬ್ಬಿಸಿದರು, ಇನ್ನೊಂದು ಚೀಟಿ ಎಬ್ಬಿಸಿದರು, ಎರಡನ್ನೂ ಅದಲು ಬದಲು ಮಾಡಿ ಅಂಟಿಸಿದರು. ಆ ಪ್ರಯೋಗಾಲಯದಲ್ಲಿ ಅವರು ಕೈಯಾರೆ ಮಾಡಿದ ಮೊದಲ ಕೆಲಸ ಅದು.

"ಸರ್, ಅದು ನಂದಲ್ಲ" ಎಂದಳು ಸೂಜಿ, ಮೇಜಿನ ಕೆಳಗಿನಿಂದ.

ಮೇಷ್ಟ್ರು ಬೆಚ್ಚಿ ಬಿದ್ದರು. "ನೀನಿಲ್ಲೇ ಇದೀಯಾ? ಚೀಟಿ ತಪ್ಪಾಗಿ ಅಂಟಿತ್ತು. ಅರ್ಥಾತ್ ಈಗ ಸರಿಯಾಯ್ತು."

"ನಮ್ಮನೇಲಿ ತೊಳೆದು ಕಳಿಸಿದ್ರು ಸರ್."

"ತೊಳೀಬೇಡ ಅಂತ ಹೇಳಿರ್ಲಿಲ್ವಾ? ನೀನು ತೊಳೆದು ಪ್ರಯೋಗ ಕೆಡಿಸಿದ್ದೀಯ. ಅದನ್ನ ನಾನು ಸರಿ ಮಾಡಿದ್ದೀನಿ. ವಿಜ್ಞಾನದಲ್ಲಿ ವಾದ ಮಾಡ್ಬಾರದು. ನಾಳೆ ಏನು ಹೇಳ್ಬೇಕು, ಒಪ್ಪಿಸು."

ಸೂಜಿ ಒದ್ದೆ ಬಟ್ಟೆ ಹಿಡಿದೇ ಎದ್ದು ನಿಂತಳು. ಸೂಕ್ಷ್ಮದರ್ಶಕ ಮೇಜಿನ ಆ ತುದಿಯಲ್ಲಿ ಹೊಳೆಯುತ್ತಾ ಕೂತಿತ್ತು. ಒಪ್ಪಿಸಿದಳು. "ಇದು ನನ್ನ ಕೈ. ಇದು ಕೊಳಕು ಕೈ. ಅದು ಹೆಡ್ ಮೇಷ್ಟ್ರ ಕೈ. ಅದು ಶುದ್ಧ ಕೈ. ನಾವು ಅವರಂತಾಗೋಣ."

"ಶಭಾಷ್. ಸ್ಟೂಲು ನಿನಗೇ" ಎಂದರು ಮೇಷ್ಟ್ರು.

ಮನೆಯಲ್ಲಿ ಅವಳು ಯಾರೂ ಬರಬೇಡಿ ಎಂದಳು. ಜನ ಜಾಸ್ತಿ, ಕೂರಲು ಜಾಗ ಇಲ್ಲ ಎಂದಳು. "ನಾವು ಯಾವಾಗ ಕೂತಿದೀವಿ? ನಿಂತೇ ನೋಡ್ತೀವಿ" ಎಂದಳು ಅಜ್ಜಿ. ಮರುದಿನ ಮೂವರು ಕೆಲಸಕ್ಕೆ ರಜೆ ಹಾಕಿ, ಅಜ್ಜಿಯೂ ಸೇರಿ ನಾಲ್ಕೂ ಜನ ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಶಾಲೆಯ ಮುಂದಿನ ಗೇಟಿಗೆ ಬಂದರು. ಕಾವಲುಗಾರ ಅಪ್ಪನನ್ನು ಕಂಡು ಅಭ್ಯಾಸ ಬಲದಿಂದ ಕೈ ತೋರಿಸಿದ, "ಮೋರಿ ಹಿಂದುಗಡೆ."

"ಇವತ್ತು ಮೋರಿಗೆ ಬಂದಿಲ್ಲ, ಮಗಳಿಗೆ ಬಂದಿದೀನಿ" ಎಂದ ಅಪ್ಪ. ನಾಲ್ಕೂ ಜನ ಮುಂದಿನ ಗೇಟಿನಿಂದಲೇ ಒಳಗೆ ಹೋದರು.

ಮುಖ್ಯ ಅತಿಥಿ ಊರಿಗೆಲ್ಲ ಸೋಪು ಸರಬರಾಜು ಮಾಡುವ ವ್ಯಾಪಾರಿ. ಸ್ವಚ್ಛತೆಗೆ ಅವನಿಗಿಂತ ದೊಡ್ಡ ಅಧಿಕಾರಿ ಸಿಗಲಿಲ್ಲವಂತೆ. ಹೆಡ್ ಮೇಷ್ಟ್ರು ಗೇಟಿನಲ್ಲೇ ಅವನ ಕೈ ಹಿಡಿದು ಕುಲುಕಿ, ಕುಲುಕುತ್ತಲೇ ಪ್ರಯೋಗಾಲಯದವರೆಗೂ ಕರೆತಂದರು. ಹಿಂದೆ ತಂದೆ ತಾಯಂದಿರು, ಅವರ ಹಿಂದೆ ಮಕ್ಕಳು. ಎರಡು ತಟ್ಟೆಗಳ ನಡುವೆ ಸೂಜಿ ನಿಂತಿದ್ದಳು. ಬಲಗಡೆ ಕಾಡು, ಎಡಗಡೆ ಕನ್ನಡಿ.

ಸೋಪಿನವನು ಕಾಡಿನ ಮೇಲೆ ಬಗ್ಗಿ, "ಅಬ್ಬಬ್ಬಾ. ಈ ಮಗು ಸೋಪನ್ನ ಕಂಡೇ ಇಲ್ಲ ಅನ್ನಿಸುತ್ತೆ" ಎಂದ. ಎಲ್ಲರೂ ನಕ್ಕರು. ಹೆಡ್ ಮೇಷ್ಟ್ರು, "ಏನು ಮಾಡೋಣ ಹೇಳಿ, ಮನೆ ವಾತಾವರಣ" ಎಂದು ನಿಟ್ಟುಸಿರು ಬಿಟ್ಟರು. "ಪಾಠ ಒಪ್ಪಿಸಮ್ಮ" ಎಂದರು ಅರ್ಥಾತ್ ಮೇಷ್ಟ್ರು.

ಸೂಜಿ ಬಾಯಿ ತೆರೆದಳು. "ಇದು ನನ್ನ..."

ಆಗ ಜನರನ್ನು ಸೀಳಿಕೊಂಡು ಅಜ್ಜಿ ಮುಂದೆ ಬಂದಳು. ಹಿಂದೆಯೇ ಅತ್ತೆ, ಅಮ್ಮ, ಅಪ್ಪ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಕಂಡದ್ದು ಮೊಮ್ಮಗಳು, ಮೊಮ್ಮಗಳ ಸುತ್ತ ದೊಡ್ಡ ಜನ, ಮುಂದೆ ದಪ್ಪ ಅಕ್ಷರದ ಚೀಟಿ. ಅವಳ ಮುಖದ ತುಂಬ ಹೆಮ್ಮೆ. "ನನ್ನ ಮೊಮ್ಮಗಳದು. ಈ ಕೈನ ನಾವೆಲ್ಲ ಸೇರಿ ತೊಳೆದು ಕಳಿಸಿದ್ವು" ಎಂದು ಸೋಪಿನವನಿಗೆ ಹೇಳಿದಳು. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟಳು. "ನಿನ್ನ ಕೈ ಬಗ್ಗೆ ಏನು ಬರ್ದಿದಾರೆ, ಓದು ಮಗಾ. ಜೋರಾಗಿ ಓದು, ನಿಮ್ಮಪ್ಪಂಗೂ ಕೇಳ್ಲಿ."

ಸೂಜಿ ಚೀಟಿಯನ್ನು ನೋಡಿದಳು. ಹಿಂದಿನ ದಿನ ಅದೇ ಮಾತನ್ನು ಗಿಳಿಯಂತೆ ಒಪ್ಪಿಸಿದ್ದಳು. ಮೇಷ್ಟ್ರ ಮುಂದೆ ಹೇಳುವುದು ಸುಲಭ, ಅವರಿಗೆ ಅದು ಮೊದಲೇ ಗೊತ್ತು. ಅಜ್ಜಿಗೆ ಗೊತ್ತಿಲ್ಲ. ಅಜ್ಜಿಯ ಎದುರು, ಅಜ್ಜಿಯೇ ತೊಳೆಸಿದ ಕೈಯನ್ನು ಕೊಳಕು ಎನ್ನಬೇಕು. ಅದಕ್ಕೆ ಬದಲಾಗಿ ಒಂದು ಸ್ಟೂಲು. ಸೂಜಿಗೆ ಸಿಟ್ಟು ಬಂತು. ಅಂಥ ಸಿಟ್ಟು ಅವಳಿಗೆ ಹೊಸದು. ಬಂದದ್ದು ಒಳ್ಳೆಯದೇ ಆಯಿತು.

"ಕೊಳಕು ಕೈ ಅಂತ ಬರ್ದಿದಾರೆ ಅಜ್ಜಿ" ಎಂದಳು. "ಆದ್ರೆ ಇದು ನನ್ನ ಕೈ ಅಲ್ಲ."

ಅರ್ಥಾತ್ ಮೇಷ್ಟ್ರು ಕೆಮ್ಮಿದರು. ಸೂಜಿ ತನ್ನ ಬಲಗೈಯನ್ನು ಎತ್ತಿ, ಕಾಡು ಬೆಳೆದ ತಟ್ಟೆಯ ಮುಚ್ಚಳದ ಮೇಲೆ, ಆ ಅಚ್ಚಿನ ಮೇಲೆಯೇ ಇಟ್ಟಳು. ಅಪ್ಪನ ಚಪ್ಪಲಿಗೆ ಕಾಲು ತೂರಿಸಿದ ಮಗುವಿನಂತೆ ಇತ್ತು. ಬೆರಳುಗಳು ಅರ್ಧಕ್ಕೇ ನಿಂತವು. ಅಂಗೈಯ ಸುತ್ತ ನಾಲ್ಕೂ ಕಡೆ ಕಾಡು ಉಳಿಯಿತು.

ಜನ ಬಗ್ಗಿದರು. ಅರ್ಥಾತ್ ಮೇಷ್ಟ್ರು ಬೆವರಿದರು. "ಅದು... ಸೂಕ್ಷ್ಮಜೀವಿಗಳು ಬೆಳೀತಾ ಬೆಳೀತಾ ಅಚ್ಚು ಕೂಡ ದೊಡ್ಡದಾಗುತ್ತೆ. ಅರ್ಥಾತ್ ಕೈ ಹಿಗ್ಗುತ್ತೆ."

"ಉಂಗುರನೂ ಬೆಳೀತಾ ಸರ್?" ಎಂದಳು ಸೂಜಿ.

ಉಂಗುರದ ಏರಿಯನ್ನು ಎಲ್ಲರೂ ಆಗ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಇನ್ನೂ ಏನೂ ಅಂದಿರಲಿಲ್ಲ, ಹೆಡ್ ಮೇಷ್ಟ್ರು ಬಲಗೈಯನ್ನು ಸರಕ್ಕನೆ ಪ್ಯಾಂಟಿನ ಜೇಬಿಗೆ ಇಳಿಸಿದರು. ಅಷ್ಟು ಸಾಕಾಯಿತು. ಸೋಪಿನವನು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ, ತಟ್ಟೆ ನೋಡಿದ, ಮೆಲ್ಲಗೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿ ಮೇಜಿನ ಮಕ್ಕಳವರೆಗೂ ಹೋಯಿತು.

"ಯಾರ ಮಗು ಇದು? ದೊಡ್ಡವರ ಮುಂದೆ ಹೀಗಾ ಮಾತಾಡೋದು? ಕ್ಷಮೆ ಕೇಳು" ಎಂದರು ಹೆಡ್ ಮೇಷ್ಟ್ರು.

"ಕೇಳ್ತೀನಿ ಸರ್. ಜೇಬಿಂದ ಕೈ ತೆಗೆದು ಇಲ್ಲಿಡಿ. ಅಳತೆ ಕೂಡದಿದ್ರೆ ಕಾಲಿಗೆ ಬಿದ್ದು ಕೇಳ್ತೀನಿ."

ಕೈ ಹೊರಬರಲಿಲ್ಲ. ಅಂದು ಇಡೀ ಹೊತ್ತು ಬರಲಿಲ್ಲ. ಭಾಷಣವನ್ನು ಹಾಗೇ ಮಾಡಿದರು, ಬಹುಮಾನವನ್ನು ಎಡಗೈಯಲ್ಲಿ ಕೊಟ್ಟರು, ಸೋಪಿನವನನ್ನು ಬೀಳ್ಕೊಡುವಾಗ ತಲೆಯನ್ನಷ್ಟೇ ಆಡಿಸಿದರು. ಸೋಪಿನವನಿಗೂ ಅದೇ ಬೇಕಾಗಿತ್ತು.

ಅಜ್ಜಿ ಹೊರಡುವ ಮುನ್ನ ಅರ್ಥಾತ್ ಮೇಷ್ಟ್ರ ಎದುರು ಒಂದು ಗಳಿಗೆ ನಿಂತಳು. "ಊರಿನ ಕೊಳೆ ತೆಗೆದ ಕೈ ಇವು, ಮೇಷ್ಟ್ರೇ. ಕೊಳೆ ನಮ್ಮದಲ್ಲ, ನಿಮ್ದು. ನಾವು ತೊಳ್ಕೊಂಡು ಮಲಗ್ತೀವಿ. ನೀವು ಹಾಗೇ ಮಲಗ್ತೀರ" ಎಂದಳು.

ಜನ ಚದುರಿದರು. ಪ್ರಯೋಗಾಲಯದಲ್ಲಿ ಗೋಡೆಯ ಮಕ್ಕಳು ಉಳಿದರು, ಎಂದಿನಂತೆ. ಮೇಷ್ಟ್ರು ಮುಖ ಒರೆಸಿಕೊಂಡು, ಎಂದಿನ ದನಿಯಲ್ಲೇ ಹೇಳಿದರು, "ಆದದ್ದು ಆಯ್ತು. ಆ ತಟ್ಟೆಗಳನ್ನ ತೊಳೆದಿಟ್ಟು ಹೋಗಿ."

ಸೂಜಿ ತನ್ನ ತಟ್ಟೆಯನ್ನು ಎತ್ತಿಕೊಂಡಳು. ನಲ್ಲಿಯ ಕೆಳಗೆ ಹಿಡಿದು ತೊಳೆದು ಒರೆಸಿ ಬೀರುವಿನಲ್ಲಿಟ್ಟಳು. "ನಂದು ತೊಳೆದಿದೀನಿ ಸರ್. ಅದು ಯಾರದೋ ಅವರೇ ತೊಳೀಲಿ" ಎಂದಳು. ಹೊರಟಳು. ಗೋಡೆಯ ಮಕ್ಕಳೆಲ್ಲ ಅವಳ ಹಿಂದೆ ಹೊರಟರು. ಆಸಿಡ್ಡಿನ ಬೆರಳಿನವನು ಬಾಗಿಲಲ್ಲಿ ನಿಂತು ಬ್ರಶ್ಶನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟು ಹೋದ.

ಆ ತಟ್ಟೆ ಅಲ್ಲೇ ಉಳಿಯಿತು. ಸೂಜಿಯನ್ನು ಶಾಲೆ ಬಿಡಿಸುವ ಮಾತು ಹೆಡ್ ಮೇಷ್ಟ್ರ ಬಾಯಿಯವರೆಗೆ ಬಂದಿತ್ತಂತೆ. ಯಾಕೆ ಬಿಡಿಸಿದಿರಿ ಎಂದು ಮೇಲಿನವರು ಕೇಳಿದರೆ ಕೈಯ ಕಥೆ ಹೇಳಬೇಕು, ಅದಕ್ಕೆ ನುಂಗಿಕೊಂಡರು. ತಟ್ಟೆಯನ್ನು ನುಂಗುವಂತಿರಲಿಲ್ಲ. ಅದು ಬೆಳೆಯಿತು. ಬೆರಳುಗಳು ಕೂಡಿಕೊಂಡವು, ಲೋಳೆ ನೀರೊಡೆಯಿತು, ಮುಚ್ಚಳದ ಅಂಚಿನಿಂದ ಏನೋ ಜಿನುಗಿತು. ಹೆಡ್ ಮೇಷ್ಟ್ರ ಕೋಣೆ ಪಕ್ಕದಲ್ಲೇ ಇತ್ತು. ವಾಸನೆ ಗೋಡೆಯನ್ನು ಲೆಕ್ಕಿಸದೆ ಅಲ್ಲಿಗೆ ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತಿತು. ಜವಾನನಿಗೆ ತೊಳೆ ಎಂದರೆ ನನ್ನ ಕೆಲಸ ಗಂಟೆ ಹೊಡೆಯುವುದು ಎಂದ. ಮಾಡುವ ಮಕ್ಕಳಿಗೆ ಹೇಳಿದರೆ ಅವರ ಅಪ್ಪಂದಿರು ಬಂದರು. ಕೊನೆಗೆ ಸೂಜಿಯ ಅಪ್ಪನಿಗೇ ಹೇಳಿ ಕಳಿಸಿದರು. ಅವನು ಬಂದ, ಬಾಗಿಲಿನಿಂದಲೇ ಇಣುಕಿ ನೋಡಿದ. "ಮೋರಿ ಆಗಿದ್ರೆ ಇಳೀತಿದ್ದೆ ಸ್ವಾಮಿ. ಇದು ವಿಜ್ಞಾನ. ನಮಗೆ ಬರೋದಿಲ್ಲ" ಎಂದು ಹೇಳಿ ಹೋದ.

ಮುಂದಿನ ಪ್ರಯೋಗದ ತರಗತಿ ಬಂತು. ತೊಳೆದ ಒಂದು ಪ್ರನಾಳವೂ ಇರಲಿಲ್ಲ. ಮಾಡುವವರು ಮೂಗು ಮುಚ್ಚಿಕೊಂಡು ಹೊರಗೇ ನಿಂತರು. ಅರ್ಥಾತ್ ಮೇಷ್ಟ್ರು ಬಹಳ ಹೊತ್ತು ತಟ್ಟೆಯನ್ನು ನೋಡಿದರು. ಆಮೇಲೆ ಗಡಿಯಾರ ಬಿಚ್ಚಿಟ್ಟರು. ತೋಳು ಮಡಿಸಿದರು. ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು, ತಟ್ಟೆಯನ್ನು ಸಿಂಕಿಗೆ ಒಯ್ದು ಉಜ್ಜಲು ನಿಂತರು. ಆ ಕೈಗಳಿಗೆ ಉಜ್ಜಿ ಅಭ್ಯಾಸವಿರಲಿಲ್ಲ, ನೀರೆಲ್ಲ ಅವರ ಅಂಗಿಗೇ ಹಾರುತ್ತಿತ್ತು.

ಗೋಡೆಯ ಮಕ್ಕಳಿಗೆ ಆ ವಾಸನೆ ಹೊಸದೇನಲ್ಲ. ಒಬ್ಬೊಬ್ಬರಾಗಿ ಒಳಗೆ ಬಂದು ಖಾಲಿ ಸ್ಟೂಲುಗಳ ಮೇಲೆ ಕೂತರು. ಮೇಷ್ಟ್ರು ತಿರುಗಿ ನೋಡಿದರು. ಕೆಮ್ಮಬೇಕೆಂದುಕೊಂಡರು. ಕೈ ತುಂಬ ಲೋಳೆ, ಮೂಗಿಗೆ ಬಟ್ಟೆ, ಕೆಮ್ಮು ಬರಲಿಲ್ಲ.

ತಟ್ಟೆ ಇದ್ದ ಜಾಗದಲ್ಲಿ ಜಿನುಗಿ ಉಳಿದಿದ್ದ ಒಂದು ಹನಿಯನ್ನು ಸೂಜಿ ಕಡ್ಡಿಯ ತುದಿಯಲ್ಲಿ ಎತ್ತಿ, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ತೂರಿಸಿದಳು. ಸ್ಟೂಲನ್ನು ಎಳೆದುಕೊಂಡು, ತಾನೇ ಹೊಳಪಿಟ್ಟ ಹಿತ್ತಾಳೆಯ ತಿರುಪನ್ನು ಮೆಲ್ಲಗೆ ತಿರುಗಿಸಿ, ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಆಮೇಲೆ ಮಬ್ಬು. ಆಮೇಲೆ ಒಂದು ಊರಿಗೆ ಊರೇ ಕಂಡಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದಳು. ಯಾರೂ ಎದ್ದೇಳು ಎನ್ನಲಿಲ್ಲ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ವಿಜ್ಞಾನದ ಮೇಷ್ಟ್ರು. ಉಜ್ಜುವುದನ್ನು ನಿಲ್ಲಿಸಿ, ಸಿಂಕಿನ ಕಡೆಯಿಂದಲೇ ಕೇಳಿದರು, "ಏನಾದ್ರೂ ಕಾಣ್ತಿದೆಯಾ?"

"ಕಾಣ್ತಿದೆ ಸರ್. ತುಂಬ ಇವೆ. ಓಡಾಡ್ತಿವೆ."

"ಯಾವು?"

ಸೂಜಿ ಕಣ್ಣು ತೆಗೆಯಲಿಲ್ಲ.

"ಹೆಡ್ ಮೇಷ್ಟ್ರವು."